48 ಬೈಟಿಗೊಂದು ಬೀಗ

"ಇಷ್ಟೆಲ್ಲ ಒದ್ದಾಡೋ ಬದಲು ಒಂದು ತಗೊಂಡುಬಿಡೋದಲ್ವಾ ಗುರು?"

ಆಫೀಸಿನ ಕ್ಯಾಂಟೀನಿನಲ್ಲಿ ಬಿಸಿಬೇಳೆಬಾತಿನ ಮೇಲೆ ಖಾರಾಬೂಂದಿ ಉದುರಿಸಿಕೊಳ್ಳುತ್ತಾ ಗೆಳೆಯನೊಬ್ಬ ಹೇಳಿದ ಮಾತಿದು. ನಾನು ಆಗಷ್ಟೇ ಹಿಂದಿನ ರಾತ್ರಿಯ ಸಾಹಸ ವರ್ಣಿಸಿ ಮುಗಿಸಿದ್ದೆ. ಎಸ್‌ಪಿ ರೋಡಿನಿಂದ ತಂದ ಮೂರು ಇನ್‌ಫ್ರಾರೆಡ್ ಎಲ್‌ಇಡಿ, ಒಂದು ಕಿವಿ ಸತ್ತ ಹೆಡ್‌ಫೋನು, ಹೊಟ್ಟೆ ಬಿಚ್ಚಿದ ವೆಬ್‌ಕ್ಯಾಮು, ಅಮ್ಮನ ಬೀರುವಿನಿಂದ ಎಗರಿಸಿದ ಫೋಟೊ ನೆಗೆಟಿವಿನ ತುಂಡು. ಅವನಿಗೆ ಇದರಲ್ಲಿ ಕಂಡದ್ದು ಬರೀ ಜಿಪುಣತನ. ಸಂಬಳ ಬರುತ್ತೆ, ಬೈಕಿನ ಇಎಂಐ ಮುಗಿದಿದೆ, ಶನಿವಾರ ಯಾಕೆ ಹಾಳು ಮಾಡ್ಕೊಳ್ತೀಯ ಅಂತ. ಅವತ್ತು ನಕ್ಕು ಸುಮ್ಮನಾದೆ. ಜಗಳಕ್ಕೆ ಬಾಯಿ ಖಾಲಿ ಇರಲಿಲ್ಲ. ಈಗ ಇದೆ.

ವಿಷಯ ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ಯೂರೋ ಟ್ರಕ್ ಸಿಮ್ಯುಲೇಟರ್ 2 ಅಂತೊಂದು ಆಟ, ಪ್ರಾಗ್‌ನ ಎಸ್‌ಸಿಎಸ್ ಸಾಫ್ಟ್‌ವೇರ್ 2012ರಲ್ಲಿ ಹೊರತಂದದ್ದು. ಹೆಸರಿಗೆ ಯುರೋಪಿನ ಲಾರಿ. ನಮ್ಮ ಹುಡುಗರು ಅದಕ್ಕೆ ನಮ್ಮ ಕೆಂಪು ಬಸ್ಸನ್ನೇ ತಂದು ಕೂರಿಸಿಕೊಂಡು ಓಡಿಸ್ತಾರೆ. ಗಾಡಿ ಒಂದು ಜಂಕ್ಷನ್ನಿಗೆ ಬರುತ್ತೆ, ಬಲಕ್ಕೆ ತಿರುಗಬೇಕು. ನಿಜವಾದ ರಸ್ತೆಯಲ್ಲಾದರೆ ಕತ್ತು ಹೊರಳಿಸಿ ಯಾರಾದರೂ ಬರ್ತಿದ್ದಾರಾ ಅಂತ ನೋಡ್ತೀವಿ. (ಸಿಲ್ಕ್ ಬೋರ್ಡಿನಲ್ಲಿ ಅದನ್ನೂ ನೋಡಲ್ಲ, ಆ ಮಾತು ಬೇರೆ.) ಆಟದಲ್ಲಿ ನಿಮ್ಮ ಮುಂದಿರೋದು 24 ಇಂಚಿನ ಒಂದು ಕಿಟಕಿ. ಬಲಕ್ಕೆ ನೋಡಬೇಕು ಅಂದ್ರೆ ಒಂದು ಬಟನ್ ಒತ್ತಬೇಕು; ಕುತ್ತಿಗೆ ಹಿಡಿದು ಯಾರೋ ತಿರುಗಿಸಿದ ಹಾಗೆ ನೋಟ ಧಡಕ್ಕಂತ ಪಕ್ಕಕ್ಕೆ ಹೋಗುತ್ತೆ, ಬಟನ್ ಬಿಟ್ಟರೆ ಧಡಕ್ಕಂತ ವಾಪಸ್. ವಿಮಾನದ ಆಟಗಳಲ್ಲಂತೂ ರನ್‌ವೇ ಯಾವ ಕಡೆ ಇದೆ ಅಂತ ಹುಡುಕೋದರಲ್ಲೇ ವಿಮಾನ ನೆಲ ಕಂಡಿರುತ್ತೆ.

ಹೆಡ್ ಟ್ರ್ಯಾಕಿಂಗ್ ಅಂದ್ರೆ ಇದಕ್ಕೆ ಮದ್ದು. ಮಾನಿಟರಿನ ಮೇಲೊಂದು ಕ್ಯಾಮೆರಾ ನಿಮ್ಮ ತಲೆ ಎತ್ತ ತಿರುಗಿದೆ ಅಂತ ನೋಡ್ತಾ ಇರುತ್ತೆ, ಆಟದೊಳಗಿನ ಚಾಲಕನ ತಲೆಯೂ ಅತ್ತ ತಿರುಗುತ್ತೆ. ಆದರೆ ನೀವು ನಿಜವಾಗಿ 90 ಡಿಗ್ರಿ ತಿರುಗಿದರೆ ಕಾಣೋದು ಮಾನಿಟರ್ ಅಲ್ಲ, ಪಕ್ಕದ ಗೋಡೆ. ಆದ್ದರಿಂದ ಸಾಫ್ಟ್‌ವೇರು ನಿಮ್ಮ ಹದಿನೈದಿಪ್ಪತ್ತು ಡಿಗ್ರಿಯನ್ನು ಹಿಗ್ಗಿಸಿ 90 ಮಾಡಿ ಕೊಡುತ್ತೆ. ಕೇಳಿದರೆ ವಿಚಿತ್ರ ಅನ್ನಿಸುತ್ತೆ. ಹತ್ತು ನಿಮಿಷ ಕೂತರೆ ಮೆದುಳು ಒಪ್ಪಿಕೊಂಡುಬಿಡುತ್ತೆ, ಆಮೇಲೆ ಬಟನ್ ಒತ್ತೋ ಬದುಕಿಗೆ ವಾಪಸ್ ಹೋಗೋಕೆ ಮನಸ್ಸೇ ಬರಲ್ಲ.

ನನ್ನ ಜಗಳ ಶುರುವಾಗೋದು ಇಲ್ಲಿಂದ. ತಲೆ ಎಲ್ಲಿದೆ, ಎತ್ತ ನೋಡ್ತಿದೆ ಅಂತ ಆಟಕ್ಕೆ ತಿಳಿಸೋಕೆ ಬೇಕಾಗಿರೋದು ಆರೇ ಆರು ಸಂಖ್ಯೆ. ಎಡ-ಬಲ, ಮೇಲೆ-ಕೆಳಗೆ, ಹಿಂದೆ-ಮುಂದೆ ಎಷ್ಟು ಸರಿದಿದ್ದೀರಿ ಅನ್ನೋ ಮೂರು. ಕತ್ತು ಹೊರಳಿದ್ದೆಷ್ಟು, ಬಾಗಿದ್ದೆಷ್ಟು, ವಾಲಿದ್ದೆಷ್ಟು ಅನ್ನೋ ಮೂರು. ಓಪನ್‌ಟ್ರ್ಯಾಕ್ ಅಂತೊಂದು ಉಚಿತ, ಮುಕ್ತ ಸಾಫ್ಟ್‌ವೇರ್ ಇದೆ. ಅದಕ್ಕೆ ನಿಮ್ಮ ಫೋನಿನಿಂದಲೂ ತಲೆಯ ಸುದ್ದಿ ಕಳಿಸಬಹುದು. 4242ನೇ ಪೋರ್ಟಿಗೆ ಆರು ಸಂಖ್ಯೆ, ಒಂದೊಂದಕ್ಕೆ ಎಂಟು ಬೈಟು. ಆರೆಂಟ್ಲ ನಲವತ್ತೆಂಟು. ಸೆಕೆಂಡಿಗೆ ಅರವತ್ತು ಸಲ ಕಳಿಸಿದರೂ ಮೂರು ಕೆಬಿ ದಾಟಲ್ಲ. ನಿಮ್ಮ ದೊಡ್ಡಪ್ಪ ದಿನಾ ಬೆಳಿಗ್ಗೆ ಫ್ಯಾಮಿಲಿ ಗ್ರೂಪಿಗೆ ಕಳಿಸೋ ಗುಲಾಬಿ ಹೂವಿನ ಶುಭೋದಯ ಇದಕ್ಕಿಂತ ಎಷ್ಟೋ ಪಾಲು ಭಾರ.

ಈ 48 ಬೈಟಿಗೆ ಬೀಗ ಇದೆ ಅಂದ್ರೆ ನಂಬ್ತೀರಾ?

ಟ್ರ್ಯಾಕ್‌ಐಆರ್ ಅನ್ನೋದು ಈ ಲೋಕದ ಹಳೇ ಯಜಮಾನ, ಅಮೆರಿಕದ ಓರೆಗಾನ್‌ನ ನ್ಯಾಚುರಲ್‌ಪಾಯಿಂಟ್ ಕಂಪನಿಯದು. ಆಟ ಬರೆಯುವ ಕಂಪನಿಗಳು ತಲೆಯ ಚಲನೆ ಓದೋದು ಅಂದ್ರೆ ಈ ಒಂದು ಡಿವೈಸಿನ ಮಾತು ಕೇಳೋದು ಅಂತಲೇ ತಿಳಿದು ಕೋಡ್ ಬರೆದವು. ಆಮೇಲೆ ಬಂದ ಆಟಗಳಲ್ಲಿ ಆ ಮಾತುಕತೆಯೂ ಎನ್‌ಕ್ರಿಪ್ಟ್ ಆಯಿತು, ಒಂದೊಂದು ಆಟಕ್ಕೆ ಒಂದೊಂದು ಕೀಲಿ. ನಿಮ್ಮ ಬ್ಯಾಂಕಿನ ಪಾಸ್‌ವರ್ಡಿಗೆ ಇರಬೇಕಾದ ಮರ್ಯಾದೆ ನಾನು ಎಡಕ್ಕೆ ನೋಡಿದೆ ಅನ್ನೋ ಸುದ್ದಿಗೆ! ಹಾಗಾಗಿ ಓಪನ್‌ಟ್ರ್ಯಾಕ್‌ನಂಥ ಸಾಫ್ಟ್‌ವೇರು ಏನು ಮಾಡುತ್ತೆ ಗೊತ್ತಾ? ವೇಷ ಹಾಕುತ್ತೆ. ವಿಂಡೋಸಿನ ರಿಜಿಸ್ಟ್ರಿಯಲ್ಲಿ ಯಜಮಾನನ ವಿಳಾಸ ಇರೋ ಜಾಗದಲ್ಲಿ ತನ್ನ ವಿಳಾಸ ಬರೆದು, ಅದೇ ಹೆಸರಿನ ಡಿಎಲ್‌ಎಲ್ ಕಡತ ಮುಂದೆ ಹಿಡಿದು, ಆಟ ಕೇಳಿದಾಗ "ಹೌದು ಸ್ವಾಮಿ, ನಾನೇ ಅವನು" ಅನ್ನುತ್ತೆ. ಕೆಲವು ಆಟಗಳು ಅಷ್ಟಕ್ಕೂ ನಂಬದೆ ಟ್ರ್ಯಾಕ್‌ಐಆರ್ ಪ್ರೋಗ್ರಾಮು ಓಡ್ತಾ ಇದೆಯಾ ಅಂತ ಇಣುಕಿ ನೋಡ್ತಾವೆ. ಅವುಗಳ ಸಮಾಧಾನಕ್ಕೆ ಅದೇ ಹೆಸರಿನ, ಏನೂ ಕೆಲಸ ಮಾಡದ ಒಂದು ಡಮ್ಮಿ ಪ್ರೋಗ್ರಾಮನ್ನೂ ಜೊತೆಗೆ ಕೊಟ್ಟಿದ್ದಾರೆ. ಹೊಲದ ಬೆದರುಬೊಂಬೆ ನೋಡಿದ್ದೀರಲ್ಲ, ಥೇಟ್ ಅದೇ.

ಬೀಗ ಇಲ್ಲದೇನೇ ಮಾಡಬಹುದಾ? ಮಾಡಿದ್ದಾರೆ. ಫ್ಲೈಟ್‌ಗೇರ್ ಅನ್ನೋ ಮುಕ್ತ ವಿಮಾನ ಸಿಮ್ಯುಲೇಟರ್ ಆರು ಸಂಖ್ಯೆಯನ್ನು ನೆಟ್‌ವರ್ಕಿನ ಮೇಲೆ ನೇರವಾಗಿ ತಗೊಳ್ಳುತ್ತೆ. ಎಕ್ಸ್-ಪ್ಲೇನ್‌ಗೆ ಯಾರು ಬೇಕಾದರೂ ಪ್ಲಗಿನ್ ಬರೆಯಬಹುದು, ಬರೆದಿದ್ದಾರೆ. ಆರ್ಮಾ 2 ಮಾಡಿದ ಬೊಹೀಮಿಯಾ ಇಂಟರ್‌ಆ್ಯಕ್ಟಿವ್ ಕಂಪನಿಯವರು ಫ್ರೀಟ್ರ್ಯಾಕ್ ಅನ್ನೋ ಉಚಿತ ಸಾಫ್ಟ್‌ವೇರಿನ ಇಂಟರ್ಫೇಸನ್ನೂ ತಮ್ಮ ಆಟಕ್ಕೆ ಸೇರಿಸಿಕೊಂಡರು. ಆಕಾಶವೇನೂ ಬೀಳಲಿಲ್ಲ.

ಎದುರು ಪಕ್ಷದ ವಾದವನ್ನೂ ಕೇಳೋಣ, ಅದರಲ್ಲಿ ಹುರುಳಿಲ್ಲ ಅಂತ ನಾನು ಹೇಳಲ್ಲ. ಈ ಮಾರುಕಟ್ಟೆ ಕಟ್ಟಿದವರು ಅವರು. ಟ್ರ್ಯಾಕ್‌ಐಆರ್ 5 ಸೆಕೆಂಡಿಗೆ 120 ಫ್ರೇಮ್ ಓದುತ್ತೆ. ಅಂದರೆ ಸುಮಾರು ಎಂಟು ಮಿಲಿಸೆಕೆಂಡಿಗೊಂದು. ನನ್ನ ವೆಬ್‌ಕ್ಯಾಮು 30ಕ್ಕೇ ಏದುಸಿರು ಬಿಡುತ್ತೆ. ತಾವು ದುಡ್ಡು ಹಾಕಿ ಬರೆದ ಸಾಫ್ಟ್‌ವೇರನ್ನು ಬೇರೆಯವರು ಪುಕ್ಕಟೆ ಬಳಸಬಾರದು ಅನ್ನೋದು ನ್ಯಾಯವಾದ ಮಾತೇ ಅಂತಿಟ್ಟುಕೊಳ್ಳೋಣ. ಕ್ಯಾಮೆರಾ ಮಾರಲಿ, ಸಾಫ್ಟ್‌ವೇರು ಮಾರಲಿ, ಲಾಭ ಮಾಡಲಿ, ನನ್ನದೇನೂ ತಕರಾರಿಲ್ಲ. ಮಿಕ್ಸಿ ಕಂಪನಿ ಮಿಕ್ಸಿ ಮಾರಬೇಕು. ಮನೆ ಕಟ್ಟಿಸುವಾಗಲೇ ಬಂದು ಅಡುಗೆಮನೆಯ ಪ್ಲಗ್ ಪಾಯಿಂಟಿಗೆ ತನ್ನ ಪಿನ್ ಮಾತ್ರ ಹೋಗೋ ಹಾಗೆ ತೂತು ಕೊರೆಸಿಕೊಂಡರೆ? ಇಲ್ಲಿ ಆಗಿರೋದು ಅದು. ಇದರಲ್ಲಿ ದೊಡ್ಡ ಪಾಲು ತಪ್ಪು ತೂತು ಕೊರೆದ ಮೇಸ್ತ್ರಿಯದ್ದು, ಅಂದ್ರೆ ಆಟ ಬರೆಯೋರದ್ದು. ಆರು ಸಂಖ್ಯೆ ಓದೋಕೆ ಮುಕ್ತ ದಾರಿಯೊಂದನ್ನು ಇಡೋಕೆ ಅವರಿಗೆ ಎಷ್ಟು ಹೊತ್ತು ಬೇಕು? ನಮ್ಮಲ್ಲಿ ಒಬ್ಬ ಜೂನಿಯರ್‌ಗೆ ಈ ಟಿಕೆಟ್ ಕೊಟ್ಟರೆ ಒಂದು ಸ್ಪ್ರಿಂಟಿನೊಳಗೆ ಮುಗಿಸಿ ಕೇಕ್ ಕಟ್ ಮಾಡ್ತಾನೆ.

ಇನ್ನು "ತಗೊಂಡುಬಿಡು" ಅನ್ನೋ ಮಂತ್ರ. ವರ್ಷಗಟ್ಟಲೆ ಅದರ ಬೆಲೆ ಸುಮಾರು 150 ಡಾಲರ್. ಇಲ್ಲಿಗೆ ತರಿಸಿದರೆ ಸುಂಕ, ಕೊರಿಯರ್ ಬೇರೆ. ಆದ್ರೆ ನನ್ನ ಮಾತು ದುಡ್ಡಿನದ್ದಲ್ಲ. ಡಿವೈಸು ಕೊಂಡರೆ ಒದ್ದಾಟ ತಪ್ಪುತ್ತೆ ಅನ್ನೋದೇ ಸುಳ್ಳು. ಒದ್ದಾಟದ ಮುಕ್ಕಾಲು ಭಾಗ ಕ್ಯಾಮೆರಾದಲ್ಲಿ ಇಲ್ಲ, ನಿಮ್ಮ ಕುತ್ತಿಗೆಯಲ್ಲಿದೆ.

ಹೇಗೆ ಅಂತ ಹೇಳ್ತೀನಿ. ಓಪನ್‌ಟ್ರ್ಯಾಕ್ ತೆರೆದರೆ ಒಂದು ಗುಲಾಬಿ ಬಣ್ಣದ ಆಕ್ಟೋಪಸ್ ಕಾಣುತ್ತೆ. ನೀವು ತಲೆ ಅಲ್ಲಾಡಿಸಿದರೆ ಅದೂ ಅಲ್ಲಾಡುತ್ತೆ. (ನಮ್ಮಮ್ಮ ಕಾಫಿ ತಂದುಕೊಟ್ಟು, ಹಿಂದೆ ನಿಂತು ಎರಡು ನಿಮಿಷ ನೋಡಿ, "ಅದಕ್ಕೂ ನಿನ್ನ ಥರಾನೇ ಮದುವೆ ಬೇಡವಂತಾ?" ಅಂದರು.) ಯೂಟ್ಯೂಬಿನಲ್ಲಿ ಇದನ್ನು ಐದು ನಿಮಿಷದಲ್ಲಿ ಮಾಡಿ ತೋರಿಸೋರು ಸಾಲುಸಾಲು. ಐದು ನಿಮಿಷದಲ್ಲಿ ಆಕ್ಟೋಪಸ್ ಅಲ್ಲಾಡೋದು ನಿಜ. ಆಟ ಆಡೋಕೆ ಬರಬೇಕಾದರೆ ಮೂರು ಸಂಜೆ ಬೇಕು, ಅದನ್ನು ಯಾರೂ ಹೇಳಲ್ಲ.

ಮೊದಲ ಸಂಜೆ ಬೆಳಕಿನದ್ದು. ಈಗಿನ ಓಪನ್‌ಟ್ರ್ಯಾಕ್‌ನಲ್ಲಿ ಮುಖ ಗುರುತಿಸೋ ನ್ಯೂರಲ್ ನೆಟ್ ಇದೆ. ತಲೆಗೆ ಏನೂ ಕಟ್ಟಿಕೊಳ್ಳದೆ ಸಾದಾ ವೆಬ್‌ಕ್ಯಾಮಿನಲ್ಲೇ ನಡೆಯುತ್ತೆ. ಆದರೆ ರಾತ್ರಿ ಕೋಣೆಯ ಬೆಳಕು ಕಡಿಮೆಯಾದರೆ ವೆಬ್‌ಕ್ಯಾಮು ತಾನೇ ಎಕ್ಸ್‌ಪೋಷರ್ ಹೆಚ್ಚಿಸಿಕೊಂಡು ಸೆಕೆಂಡಿಗೆ 30 ಫ್ರೇಮ್ ಇದ್ದದ್ದನ್ನು 15ಕ್ಕೆ ಇಳಿಸುತ್ತೆ. ಎರಡು ಫ್ರೇಮಿನ ನಡುವೆ 66 ಮಿಲಿಸೆಕೆಂಡು. ನೋಟ ನಿಮ್ಮ ಹಿಂದೆ ಹಗ್ಗ ಕಟ್ಟಿದ ಕರುವಿನ ಹಾಗೆ ಎಳೆದಾಡಿಕೊಂಡು ಬರುತ್ತೆ. ಜನ ಇದಕ್ಕೆ ಸಾಫ್ಟ್‌ವೇರನ್ನು ಬೈತಾರೆ. ಕ್ಯಾಮೆರಾ ಸೆಟ್ಟಿಂಗಿಗೆ ಹೋಗಿ ಆಟೊ ಎಕ್ಸ್‌ಪೋಷರ್ ತೆಗೆಯಿರಿ, ಮುಖಕ್ಕೆ ಎದುರಿನಿಂದ ಒಂದು ಟೇಬಲ್ ಲ್ಯಾಂಪ್ ಹಾಕಿ. ಅಲ್ಲೇ ಪವರ್ ಲೈನ್ ಫ್ರೀಕ್ವೆನ್ಸಿ ಅಂತ ಇರುತ್ತೆ. ಅದು 60 ಹರ್ಟ್ಸ್ ಇದ್ದರೆ 50 ಮಾಡಿ, ನಮ್ಮ ದೇಶದ ಕರೆಂಟು 50. ಇಲ್ಲದಿದ್ರೆ ಟ್ಯೂಬ್‌ಲೈಟಿನ ಕೆಳಗೆ ಚಿತ್ರದಲ್ಲಿ ಪಟ್ಟೆ ಪಟ್ಟೆ ಓಡುತ್ತೆ. ಅಮೆರಿಕದಲ್ಲಿ ಕೂತು ವಿಡಿಯೊ ಮಾಡೋನಿಗೆ ಈ ತೊಂದರೆ ಇಲ್ಲವೇ ಇಲ್ಲ, ಅವನು ಹೇಳೋದಾದರೂ ಯಾಕೆ?

ನನಗೆ ಅಷ್ಟರಲ್ಲಿ ಸಮಾಧಾನ ಆಗಲಿಲ್ಲ, ಇನ್‌ಫ್ರಾರೆಡ್ಡಿಗೆ ಕೈಹಾಕಿದೆ. ವೆಬ್‌ಕ್ಯಾಮಿನ ಒಳಗೆ ಇನ್‌ಫ್ರಾರೆಡ್ ತಡೆಯೋ ಒಂದು ಪುಟ್ಟ ಗಾಜು ಇರುತ್ತೆ; ಅದನ್ನು ತೆಗೆದು, ಕಣ್ಣಿಗೆ ಕಾಣೋ ಬೆಳಕನ್ನು ತಡೆಯೋದಕ್ಕೆ ಎರಡು ಪದರ ಫಿಲ್ಮ್ ಇಡಬೇಕು. ಕಲರ್ ನೆಗೆಟಿವ್ ರೋಲಿನ ತುದಿ, ಬೆಳಕು ಬಿದ್ದು ಪೂರ್ತಿ ಕಪ್ಪಾದದ್ದು. ಕಪ್ಪು-ಬಿಳುಪಿನ ನೆಗೆಟಿವ್ ಬೇಡ, ಅದರಲ್ಲಿರೋ ಬೆಳ್ಳಿ ಇನ್‌ಫ್ರಾರೆಡ್ಡನ್ನೂ ತಡೆಯುತ್ತೆ. ಹೆಡ್‌ಫೋನಿಗೆ ಮೂರು ಎಲ್‌ಇಡಿ, ಡೇಟಾಶೀಟ್ ನೋಡಿ ಲೆಕ್ಕ ಹಾಕಿದ ಒಂದು ರೆಸಿಸ್ಟರ್, ಹಳೇ ಯುಎಸ್‌ಬಿ ಕೇಬಲ್ಲು. ಮೊದಲ ವೆಬ್‌ಕ್ಯಾಮಿನ ಗಾಜು ಕೀಳುವಾಗ ಸೆನ್ಸರ್ ಗೀರಿ ಅದು ಶಿವನ ಪಾದ ಸೇರಿತು. ಎರಡನೆಯದು ಬದುಕಿದೆ. ಇದೇನೂ ನನ್ನ ಸಂಶೋಧನೆಯಲ್ಲ. 2007ರಲ್ಲೇ ಜಾನಿ ಚಂಗ್ ಲೀ ಅನ್ನೋ ಕಾರ್ನೆಗಿ ಮೆಲನ್ ವಿದ್ಯಾರ್ಥಿ ನಿಂಟೆಂಡೊ ವೀ ರಿಮೋಟು ಮತ್ತು ಇನ್‌ಫ್ರಾರೆಡ್ ಎಲ್‌ಇಡಿ ಇಟ್ಟುಕೊಂಡು ಇದೇ ಚಮತ್ಕಾರ ತೋರಿಸಿ, ಹೇಗೆ ಮಾಡೋದು ಅಂತ ಎಲ್ಲರಿಗೂ ಹೇಳಿಕೊಟ್ಟಿದ್ದ. ಅದೇ ವರ್ಷ ಬಂದ ಪ್ಲೇಸ್ಟೇಷನ್ 3ರ ಐ ಕ್ಯಾಮೆರಾ 640×480ರಲ್ಲಿ 60 ಫ್ರೇಮ್ ಕೊಡುತ್ತೆ, ಲಿನಕ್ಸಿನಲ್ಲಿ ಡ್ರೈವರ್ ಹುಡುಕೋ ಗೋಜೂ ಇಲ್ಲ. ಹಳೇ ಸಾಮಾನಿನಂಗಡಿಯಲ್ಲಿ ಸಿಕ್ಕರೆ ಬಿಡಬೇಡಿ.

ಎರಡನೇ, ಮೂರನೇ ಸಂಜೆ ಕುತ್ತಿಗೆಯವು. ಎಷ್ಟು ಹೊರಳಿಸಿದರೆ ಎಷ್ಟು ನೋಟ ಅಂತ ನೀವೇ ಒಂದು ಗೆರೆ ಎಳೀಬೇಕು. ಕರ್ವ್ ಅಂತಾರೆ ಅದನ್ನು. ನಡುವಿನ ಎರಡು ಮೂರು ಡಿಗ್ರಿ ಸತ್ತ ಜಾಗ ಆಗಿರಬೇಕು, ಇಲ್ಲದಿದ್ರೆ ನೀವು ಉಸಿರಾಡಿದರೂ ರಸ್ತೆ ಅಲ್ಲಾಡುತ್ತೆ. ಆಮೇಲೆ ಮೆಲ್ಲಗೆ ಏರಿ, ಕನ್ನಡಿ ದಾಟಿದ ಮೇಲೆ ಕಡಿದಾಗಬೇಕು. ಅಕ್ಸೆಲಾ ಅನ್ನೋ ಫಿಲ್ಟರಿನಲ್ಲಿ ನಡುಕ ಕಡಿಮೆ ಮಾಡಿದರೆ ನಿಧಾನ ಹೆಚ್ಚುತ್ತೆ, ನಿಧಾನ ಕಡಿಮೆ ಮಾಡಿದರೆ ನಡುಕ. ಎರಡೂ ಬೇಡ ಅನ್ನೋ ಆಯ್ಕೆ ದೇವರು ಕೊಟ್ಟಿಲ್ಲ. ಲಾರಿ ಓಡಿಸೋಕೆ ತಲೆ ವಾಲಿಸೋ ಅಕ್ಷ ಬೇಕಾಗೇ ಇಲ್ಲ, ತೆಗೆದುಬಿಡಿ, ಅರ್ಧ ತಲೆಸುತ್ತು ಅಲ್ಲೇ ಹೋಗುತ್ತೆ. ಒಂದೊಂದೇ ಅಕ್ಷ ಹಿಡೀರಿ. ಸೆಂಟರ್ ಬಟನ್ ಕೈಗೆಟುಕೋ ಕಡೆ ಇಟ್ಟುಕೊಳ್ಳಿ, ಯಾಕಂದ್ರೆ ಅರ್ಧ ಗಂಟೆಯಲ್ಲಿ ನೀವು ಕುರ್ಚಿಯಲ್ಲಿ ನಾಲ್ಕು ಬೆರಳು ಕುಸಿದಿರ್ತೀರಿ. ಯಾರದ್ದೋ ಕರ್ವನ್ನು ಡೌನ್‌ಲೋಡ್ ಮಾಡಿ ಹಾಕಿಕೊಳ್ಳೋದು ಯಾರದ್ದೋ ಕನ್ನಡಕ ಹಾಕಿಕೊಂಡ ಹಾಗೆ. ಇಷ್ಟೂ ಕೆಲಸ ದುಬಾರಿ ಡಿವೈಸು ಕೊಂಡವನಿಗೂ ಕಟ್ಟಿಟ್ಟದ್ದೇ.

ಇದೆಲ್ಲ ಆಟದ ಚಟ, ಇದಕ್ಕೆ ಇಷ್ಟು ಸಿಟ್ಟು ಯಾಕೆ ಅನ್ನೋರಿಗೆ ನಮ್ಮ ಚಿಕ್ಕಪ್ಪನ ಮಗನ ಕತೆ ಹೇಳಬೇಕು. ದಾವಣಗೆರೆಯವನು, ಟಿಟಿ ಓಡಿಸ್ತಿದ್ದ. ನಾಲ್ಕು ವರ್ಷದ ಹಿಂದೆ ಬೈಕಿನಿಂದ ಬಿದ್ದು ಕುತ್ತಿಗೆಗೆ ಪ್ಲೇಟ್ ಹಾಕಿದರು. ಪ್ರಾಣ ಉಳಿಯಿತು, ಕೈಕಾಲು ನೆಟ್ಟಗಿವೆ, ಕತ್ತು ಮಾತ್ರ ಬಲಕ್ಕೆ ಅರ್ಧಕ್ಕರ್ಧ ಹೊರಳುತ್ತೆ, ಎಡಕ್ಕೆ ಹತ್ತು ಹನ್ನೆರಡು ಡಿಗ್ರಿ, ಅಷ್ಟೇ. ಗಾಡಿ ಓಡಿಸೋದು ಬಿಟ್ಟ. ಈಗ ಒಂದು ಬಿಡಿಭಾಗದ ಅಂಗಡಿಯಲ್ಲಿ ಲೆಕ್ಕ ಬರೀತಾನೆ. ರಾತ್ರಿ ಹಳೇ ಲ್ಯಾಪ್‌ಟಾಪಿನಲ್ಲಿ ಇದೇ ಲಾರಿ ಆಟ. ಸುಮ್ಮನೆ ಟೈಂಪಾಸ್ ಅಂತಾನೆ. ಅವನು ಇಂಡಿಕೇಟರ್ ಹಾಕೋದು ನೋಡಿದರೆ ಅದು ಟೈಂಪಾಸ್ ಅಲ್ಲ ಅಂತ ಗೊತ್ತಾಗುತ್ತೆ.

ಓಪನ್‌ಟ್ರ್ಯಾಕ್‌ನಲ್ಲಿ ಒಂದು ಪುಟ್ಟ ಚೌಕ ಇದೆ. ಅದನ್ನು ಒತ್ತಿದರೆ ಎಡಕ್ಕೊಂದು ಬಲಕ್ಕೊಂದು ಬೇರೆ ಬೇರೆ ಗೆರೆ ಎಳೀಬಹುದು. ನಾನು ತಿಂಗಳುಗಟ್ಟಲೆ ಅದನ್ನು ಕಂಡೂ ಇದು ಯಾರಿಗೆ ಬೇಕಪ್ಪ ಅಂದುಕೊಂಡಿದ್ದೆ. ಒಂದು ಭಾನುವಾರ ಅವನ ಲ್ಯಾಪ್‌ಟಾಪನ್ನು ಇಲ್ಲಿಂದಲೇ ತೆರೆದುಕೊಂಡು, ಫೋನು ಸ್ಪೀಕರಿನಲ್ಲಿಟ್ಟು, ಬಲಕ್ಕೆ ಮಾಮೂಲಿ ಗೆರೆ, ಎಡಕ್ಕೆ ಒಂಬತ್ತು ಡಿಗ್ರಿಗೇ ಪೂರ್ತಿ ನೋಟ ಸಿಗೋ ಹಾಗೆ ಕಡಿದಾದ ಗೆರೆ ಎಳೆದೆ. ನಡುಕ ತಡೆಯೋಕೆ ಫಿಲ್ಟರನ್ನು ಸ್ವಲ್ಪ ಬಿಗಿ ಮಾಡಿದೆ. ಮೂರು ಸಲ ತಪ್ಪಿತು. ನಾಲ್ಕನೇ ಸಲ ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ.

"ಏನಾಯ್ತೋ?"

"ಅಣ್ಣಾ, ಎಡಗಡೆ ಕನ್ನಡಿ ಕಾಣ್ತೈತಿ."

ಆಮೇಲೆ ಕೇಳಿದ, "ಎಷ್ಟು ಕೊಡಬೇಕು ಇದಕ್ಕೆ?" ಏನೂ ಇಲ್ಲ, ಪುಕ್ಕಟೆ, ಯಾರೋ ಪುಣ್ಯಾತ್ಮರು ಬರೆದಿಟ್ಟಿದ್ದಾರೆ ಅಂದೆ. ಲೆಕ್ಕ ಬರೆಯೋನಲ್ವಾ, ಥಟ್ಟಂತ ಬಂತು ಮುಂದಿನ ಪ್ರಶ್ನೆ. "ಹಂಗಾದ್ರೆ ಅವ್ರು ನಾಳೆ ಬಿಟ್ರೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಇದೇ ನನ್ನ ಎರಡನೇ ಜಗಳ, ಇದು ನಮ್ಮ ಜೊತೆಗೇ. ಬೀಗ ಹಾಕಿದವರನ್ನು ಬೈಯೋದು ಸುಲಭ. ಆ ಬೀಗಕ್ಕೆ ಬೆದರುಬೊಂಬೆ ಕಟ್ಟಿ, ಹೊಸ ಆಟ ಬಂದಾಗೆಲ್ಲ ಕೀಲಿ ಸೇರಿಸಿ, ನಮ್ಮ ಬೈಗುಳ ತಿಂದುಕೊಂಡು ಓಪನ್‌ಟ್ರ್ಯಾಕನ್ನು ಉಳಿಸಿಕೊಂಡು ಬಂದಿರೋರು ಬೆರಳೆಣಿಕೆಯ ಜನ, ತಮ್ಮ ಬಿಡುವಿನ ಹೊತ್ತಲ್ಲಿ. ಊರು ತುಂಬ ಸಾಫ್ಟ್‌ವೇರ್ ಬರೆಯೋ ನಾವು ಏನು ಮಾಡಿದ್ದೀವಿ? ರೆಸ್ಯೂಮಿನಲ್ಲಿ ಓಪನ್ ಸೋರ್ಸ್ ಅಂದ್ರೆ ಪ್ರಾಣ ಅಂತ ಬರ್ಕೊಂಡಿದ್ದೀವಿ. ನಾನೂ ಅಷ್ಟೇ. ಎರಡು ವರ್ಷ ಬಳಸಿ, ಒಂದು ಬಗ್ ರಿಪೋರ್ಟ್ ಹಾಕಿರಲಿಲ್ಲ, ಒಂದು ಸಾಲು ದಾಖಲೆ ತಿದ್ದಿರಲಿಲ್ಲ. ಒಂದು ಪಿಜ್ಜಾದ ದುಡ್ಡು ಕೂಡ ಎಲ್ಲಿಗೂ ಕಳಿಸಿರಲಿಲ್ಲ. ಬೆಳಕು ಸರಿ ಇಲ್ಲದೆ ನೋಟ ಎಳೆದಾಡಿದಾಗ ಮಾತ್ರ "ಫ್ರೀ ಸಾಫ್ಟ್‌ವೇರ್ ಹಣೇಬರಹವೇ ಇಷ್ಟು" ಅಂತ ಗೊಣಗಿದ್ದೆ.

ನಮ್ಮ ಗೆಳೆಯನ "ತಗೊಂಡುಬಿಡು" ನನಗೆ ಚುಚ್ಚೋದು ಇದಕ್ಕೇ. ನನ್ನ ಒಂದು ಗಂಟೆಗೆ ಇಷ್ಟು ಬೆಲೆ, ಮೂರು ಸಂಜೆ ಹಾಳು ಮಾಡಿದರೆ ಇಷ್ಟು ನಷ್ಟ ಅಂತ ಅವನು ಎಕ್ಸೆಲ್ಲಿನಲ್ಲಿ ಹಾಕಿ ತೋರಿಸ್ತಾನೆ. ಶನಿವಾರ ಸಂಜೆ ಯಾವ ಕ್ಲೈಂಟೂ ನನಗೆ ಗಂಟೆ ಲೆಕ್ಕದಲ್ಲಿ ಕೊಡ್ತಿರಲಿಲ್ಲ. ಆ ಹೊತ್ತು ಹೋಗ್ತಿದ್ದದ್ದು ರೀಲ್ಸ್ ನೋಡೋದಕ್ಕೆ. ಆ ಮೂರು ಸಂಜೆ ಇಲ್ಲದೆ ಹೋಗಿದ್ರೆ ಎರಡು ಗೆರೆ ಎಳೆಯೋ ಆ ಪುಟ್ಟ ಚೌಕ ನನ್ನ ಕಣ್ಣಿಗೆ ಬೀಳ್ತಾನೇ ಇರಲಿಲ್ಲ.

ಆ ಭಾನುವಾರದ ಮೇಲೆ ನಾನು ಮಾಡಿದ್ದು ದೊಡ್ಡದೇನಲ್ಲ. ಎಕ್ಸ್‌ಪೋಷರ್, 50 ಹರ್ಟ್ಸ್, ಎಡ-ಬಲ ಬೇರೆ ಗೆರೆ, ಸೆಂಟರ್ ಬಟನ್ ಇಷ್ಟನ್ನೂ ಆರು ಪುಟದ ಕನ್ನಡದಲ್ಲಿ, ಚಿತ್ರ ಹಾಕಿ ಬರೆದೆ. ಚಿಕ್ಕಪ್ಪನ ಮಗ ಅದನ್ನು ತನ್ನ ಬಸ್ ಆಟದ ಗುಂಪಿಗೆ ಹಾಕಿದ. ಈಗ ರಾತ್ರಿ ಹನ್ನೊಂದಕ್ಕೆ ಗುರುತಿಲ್ಲದ ಹುಡುಗರು "ಸರ್, ಆಕ್ಟೋಪಸ್ ತಲೆಕೆಳಗಾಗಿದೆ" ಅಂತ ಮೆಸೇಜ್ ಮಾಡ್ತಾರೆ. ಒಂದು ಬಗ್ ರಿಪೋರ್ಟನ್ನೂ ಹಾಕಿದೆ. ಅದು ಬಗ್ ಅಲ್ಲ, ನನ್ನದೇ ತಪ್ಪು ಅಂತ ತಿಳಿಯಿತು. ಇರಲಿ.

ಗೆಳೆಯ ಮಾತಿಗೆ ತಕ್ಕ ಹಾಗೆ ಒಂದು ಡಿವೈಸು ತಗೊಂಡೇಬಿಟ್ಟ. ಯಾವುದು ಅಂತ ಹೇಳಲ್ಲ, ಅದರದ್ದೇನೂ ತಪ್ಪಿಲ್ಲ. ಮೊನ್ನೆ ಕ್ಯಾಂಟೀನಿನಲ್ಲಿ ತಟ್ಟೆ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತು, ಅತ್ತ ಇತ್ತ ನೋಡಿ, ದನಿ ತಗ್ಗಿಸಿ ಹೇಳಿದ. "ಗುರು, ಬೆಳಿಗ್ಗೆ ಎಲ್ಲ ಸರಿಯಾಗಿರುತ್ತೆ. ಸಂಜೆ ನಾಲ್ಕು ಗಂಟೆ ಆದ್ರೆ ಸಾಕು, ವಿಮಾನ ಬಿಟ್ಟು ಆಕಾಶ ನೋಡೋಕೆ ಶುರು ಮಾಡುತ್ತೆ."

"ನಿನ್ನ ಕುರ್ಚಿ ಹಿಂದೆ ಪಶ್ಚಿಮದ ಕಿಟಕಿ ಇದೆಯಾ?"

"ಇದೆ. ಯಾಕೆ?"

ಬಿಸಿಲಿನಲ್ಲೂ ಇನ್‌ಫ್ರಾರೆಡ್ ಇರುತ್ತಪ್ಪ, ಪರದೆ ಎಳಿ ಅಂದೆ. ಶನಿವಾರ ಲ್ಯಾಪ್‌ಟಾಪ್ ತಗೊಂಡು ಮನೆಗೆ ಬರ್ತೀನಿ ಅಂದಿದ್ದಾನೆ, ಕರ್ವ್ ಎಳೆಯೋದು ಹೇಳಿಕೊಡಬೇಕಂತೆ. ಬರೋವಾಗ ಖಾರಾಬೂಂದಿ ತಾ ಅಂತ ಹೇಳಿದ್ದೀನಿ.